ಗಾಜಿನ ಪದರವೂ ನನ್ನ ಕಣ್ಣುಗಳೂ

ನಾನು ಪಿಎಚ್.ಡಿ. ಮಾಡಿದ್ದು ಬರಿಗಣ್ಣಿಗೆ ಬರೀ ಬಣ್ಣವಾಗಿ ಕಾಣುವಷ್ಟು ತೆಳ್ಳಗಿನ ಒಂದು ಪದರದ ಮೇಲೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಬೆಳಿಗ್ಗೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ರಸಾಯನಶಾಸ್ತ್ರ ವಿಭಾಗದ ಕೊನೆಯ ಕೋಣೆಯ ಬೀಗ ತೆಗೆದು ಒಳಗೆ ಹೋದರೆ ಮತ್ತೆ ಹೊರಗೆ ಬರುತ್ತಿದ್ದುದು ಸಂಜೆಗೆ.

ನೆಂಟರು ಮನೆಗೆ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. "ಏನ್ ಮಾಡ್ತೀಯಮ್ಮ ಅಲ್ಲಿ ಕೂತ್ಕೊಂಡು?"

"ಕರೆಂಟು ಹರೀದೇ ಇರೋ ಹಾಗೆ ತಡೆಯೋ ಪದರ ಮಾಡ್ತೀನಿ," ಎನ್ನುತ್ತಿದ್ದೆ.

ಒಮ್ಮೆ ಆಯನೂರಿನ ಚಿಕ್ಕಪ್ಪ ಇದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟರು. "ನಮ್ಮೂರಲ್ಲಿ ಕರೆಂಟು ಹರಿಯೋದೇ ದೊಡ್ಡ ಮಾತು ಮಾರಾಯ್ತಿ. ಅದನ್ನ ತಡಿಯೋಕೂ ಓದಬೇಕಾ?"

ಎಲ್ಲರೂ ನಕ್ಕರು. ನಗದೇ ಇದ್ದವರು ಅಪ್ಪಾಜಿ ಒಬ್ಬರೇ. ಅವರು ಕಾರ್ಖಾನೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿದ್ದರು. ತಂತಿಯ ಮೇಲಿನ ವಾರ್ನಿಷ್ ಒಂದು ಕಡೆ ಸುಲಿದರೂ ಇಡೀ ಮೋಟಾರು ಹೇಗೆ ಹೊಗೆಯಾಡುತ್ತದೆ ಎಂಬುದನ್ನು ದಿನವೂ ನೋಡಿದವರು. ನನ್ನ ಪದರವೂ ಒಂದು ಬಗೆಯ ವಾರ್ನಿಷ್ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಅದು ತಪ್ಪೇನೂ ಅಲ್ಲ.

ಕಂಪ್ಯೂಟರಿನ ಚಿಪ್ ಒಳಗೆ ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಲೋಹದ ಗೆರೆಗಳಿರುತ್ತವೆ. ಒಂದರ ವಿದ್ಯುತ್ತು ಇನ್ನೊಂದಕ್ಕೆ ಹಾಯದಂತೆ ನಡುವೆ ತೆಳುವಾದ ಹೊದಿಕೆ ಬೇಕು. ನನ್ನ ಗೈಡ್ ಆಗಿದ್ದ ಮೇಷ್ಟ್ರೂ ನಾನೂ ಮಾಡಲು ಹೊರಟಿದ್ದು ಅದನ್ನು. ಮೂಲವಸ್ತು ನೀರಿನಂತೆ ತಿಳಿಯಾದ ಒಂದು ದ್ರವ. ಅದರ ಪ್ರತಿ ಅಣುವಿನ ನಡುವೆ ಒಂದು ಸಿಲಿಕಾನ್ ಪರಮಾಣು, ಅದಕ್ಕೆ ನಾಲ್ಕು ಕೈ ಎಂದುಕೊಳ್ಳಿ. ನೀರು ತಾಗಿದಾಗ ಮೂರು ಕೈಗಳು ಹಿಡಿದದ್ದನ್ನು ಬಿಟ್ಟು, ಆಮ್ಲಜನಕವನ್ನು ನಡುವೆ ಇಟ್ಟುಕೊಂಡು ಪಕ್ಕದ ಸಿಲಿಕಾನನ್ನು ಹಿಡಿಯುತ್ತವೆ. ನಾಲ್ಕನೆಯ ಕೈಯಲ್ಲಿ ಮೀಥೈಲ್ ಎಂಬ ಸಣ್ಣ ಗುಂಪು. ಅದು ಯಾರ ಜೊತೆಗೂ ಸೇರುವುದಿಲ್ಲ, ತನ್ನಷ್ಟಕ್ಕೆ ಇದ್ದು ನೀರನ್ನು ದೂರ ಇಡುತ್ತದೆ. ಈ ದ್ರವವನ್ನು ಆಲ್ಕೋಹಾಲಿನಲ್ಲಿ ಬೆರೆಸಿ, ಸ್ವಲ್ಪ ನೀರು, ಒಂದೆರಡು ಹನಿ ಆಮ್ಲ ಹಾಕಿ ಕಲಕುತ್ತಿದ್ದರೆ ಒಳಗೊಳಗೇ ಬಲೆ ಹೆಣೆದುಕೊಳ್ಳುತ್ತದೆ. ಅದೇ ಪಾಲಿಮರ್. ಸಿಲಿಕಾನ್ ಬಿಲ್ಲೆಯ ತುಂಡಿನ ಮೇಲೆ ಒಂದು ಹನಿ ಬಿಟ್ಟು ಬುಗುರಿಯಂತೆ ತಿರುಗಿಸಿದರೆ ದ್ರವ ಹರಡಿ ಪದರವಾಗುತ್ತದೆ. ಆಮೇಲೆ ಕುಲುಮೆಯಲ್ಲಿ ಕಾಯಿಸಬೇಕು.

ಹೇಳಲು ಇಷ್ಟೇ. ಮಾಡಲು ಹೋದರೆ ಒಂದಲ್ಲ ಒಂದು ಕಾಟ. ಒಮ್ಮೊಮ್ಮೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಪದರವಾದರೂ ಅದು ಮೆತ್ತಗೆ, ಸೂಜಿ ಎಳೆದರೆ ಗೆರೆ ಬೀಳುತ್ತಿತ್ತು. ಗಟ್ಟಿ ಮಾಡಲು ನಾವು ಇನ್ನೊಂದು ದ್ರವವನ್ನು ಬೆರೆಸತೊಡಗಿದೆವು. ಅದರ ಸಿಲಿಕಾನಿಗೆ ನಾಲ್ಕೂ ಕೈಗಳು ಹೆಣೆಯಲು ಸಿದ್ಧ. ಟೆಟ್ರಾಮೀಥಾಕ್ಸಿಸಿಲೇನ್ ಎಂದು ಅದರ ಹೆಸರು. ಪದರವೇನೋ ಗಟ್ಟಿಯಾಯಿತು. ಆದರೆ ಕುಲುಮೆಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇಸಿಗೆಯ ಕೆರೆಯಂಗಳದ ಹಾಗೆ ಉದ್ದಕ್ಕೂ ಬಿರುಕು. ಬಿರುಕು ಬಿಟ್ಟ ಹೊದಿಕೆ ಯಾವ ವಿದ್ಯುತ್ತನ್ನು ತಡೆದೀತು? ಅಳತೆ ಬದಲಿಸಿ, ಕಾಯಿಸುವ ವೇಗ ಬದಲಿಸಿ ವರ್ಷವೆಲ್ಲ ಕಳೆದೆವು.

ನನ್ನ ಮೇಷ್ಟ್ರು ಬಹಳ ಮೆದು ಮನುಷ್ಯ. ಕೋಣೆಯಿಂದ ಹೊರಟ ಮೇಲೂ ಗ್ಯಾಸಿನ ತಿರುಪು ನೋಡಲು ಮತ್ತೆ ಒಳಗೆ ಬರುವವರು. "ಬಿರುಕು ಬಿಟ್ಟದ್ದೂ ಒಂದು ಫಲಿತಾಂಶವೇ ಮಾರಾಯ್ತಿ," ಎಂದು ಸಮಾಧಾನ ಹೇಳುತ್ತಿದ್ದರು. ಆದರೆ ಅವರ ಮುಖದಲ್ಲೂ ಆ ಸಮಾಧಾನ ಇರುತ್ತಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ. ಹೊಗೆ ಎಳೆಯುವ ಫ್ಯಾನಿರುವ ಗಾಜಿನ ಕಪಾಟಿನೊಳಗೆ ಕೈಯಿಟ್ಟು ಆ ನಾಲ್ಕು ಕೈಯ ದ್ರವವನ್ನು ಅಳೆಯುತ್ತಿದ್ದೆ. ಕರೆಂಟು ಹೋಯಿತು. ದೀಪ ಆರಿತು, ಫ್ಯಾನು ನಿಂತಿತು. ಬಾಟಲಿ ತೆರೆದಿತ್ತು, ಅಳತೆಯ ಕೊಳವೆ ಅರ್ಧ ತುಂಬಿತ್ತು. ಮಬ್ಬಿನಲ್ಲಿ ಗೆರೆ ಕಾಣಲೆಂದು ಬಗ್ಗಿ ನೋಡಿ, ಇದ್ದಷ್ಟನ್ನು ಫ್ಲಾಸ್ಕಿಗೆ ಇಳಿಸಿ, ಎರಡಕ್ಕೂ ಮುಚ್ಚಳ ಹಾಕಿ ಹೊರಗೆ ಬಂದೆ. ಕಣ್ಣು ಉರಿಯಲಿಲ್ಲ, ಕೆಮ್ಮು ಬರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿದೆ. ಏನಾದರೂ ಆಗಿದೆ ಎಂದು ಅನ್ನಿಸುವಂಥದ್ದು ಏನೂ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ಕಣ್ಣಿಗೆ ಮರಳು ಬಿದ್ದಂತಾಯಿತು. ರಸ್ತೆಯ ಧೂಳೆಂದುಕೊಂಡು ಸೆರಗಿನಿಂದ ಒರೆಸಿಕೊಂಡೆ. ಭದ್ರಾವತಿ ಬಂದು ಇಳಿಯುವ ಹೊತ್ತಿಗೆ ಎದುರು ಬರುವ ಲಾರಿಗಳ ದೀಪಗಳ ಸುತ್ತ ಬಣ್ಣದ ಬಳೆಗಳು. ಮನೆಗೆ ಬಂದು ಟ್ಯೂಬ್‌ಲೈಟ್ ಹಾಕಿದೆ. ಕಣ್ಣಿಗೆ ಸೂಜಿ ಚುಚ್ಚಿದಂತಾಗಿ ಕೂಗಿದೆ.

ಅಮ್ಮ ಮನೆಯಲ್ಲಿರಲಿಲ್ಲ. ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು ಆಯನೂರಿಗೆ ಹೋಗಿದ್ದರು. ಅಪ್ಪಾಜಿ ಅಡುಗೆಮನೆಯಿಂದ ಓಡಿ ಬಂದರು. ನನ್ನ ಗಲ್ಲ ಹಿಡಿದು ಮುಖವೆತ್ತಿ, "ಕಣ್ಣು ಕೆಂಡ ಆಗಿದೆಯಲ್ಲೇ! ಏನ್ ಬಿತ್ತು?" ಎಂದರು.

"ಏನೂ ಬಿದ್ದಿಲ್ಲ ಅಪ್ಪಾಜಿ."

ಹಾಗೆಂದ ಮೇಲೆ ಮಧ್ಯಾಹ್ನದ ಆ ಬಾಟಲಿ ನೆನಪಾಯಿತು. ಅದನ್ನು ಹೇಳಿದೆ. ಅಪ್ಪಾಜಿ ಕೂಡಲೇ ನನ್ನನ್ನು ನಲ್ಲಿಯ ಕೆಳಗೆ ಬಗ್ಗಿಸಿ ಬೊಗಸೆ ಬೊಗಸೆ ನೀರು ಎರಚಿ, ಒದ್ದೆ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡೇ ಆಟೋ ಹತ್ತಿಸಿದರು. ದಾರಿಯಲ್ಲಿ ಒಂದು ಎಸ್‌ಟಿಡಿ ಬೂತಿನ ಎದುರು ನಿಲ್ಲಿಸಿ ಮೇಷ್ಟ್ರ ಮನೆಗೆ ಫೋನು ಮಾಡಿದರು.

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಗಿಲು ಹಾಕಿಕೊಳ್ಳುವುದರಲ್ಲಿದ್ದರು. ನಮ್ಮನ್ನು ನೋಡಿ ಮತ್ತೆ ಒಳಗೆ ಕರೆದರು. ಕಣ್ಣಿಗೆ ಹಳದಿ ಬಣ್ಣದ ಮದ್ದು ಹಾಕಿ, ನೀಲಿ ಬೆಳಕು ಬಿಟ್ಟು, ತಮ್ಮ ಯಂತ್ರದ ಆಚೆಯಿಂದ ತುಂಬ ಹೊತ್ತು ನೋಡಿದರು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದು, ಹಿಂದೆಯೇ ಮೇಷ್ಟ್ರ ದನಿ ಕೇಳಿತು. ಏದುಸಿರು ಬಿಡುತ್ತಿದ್ದರು.

"ಏನದು ಕೆಮಿಕಲ್ಲು?" ಡಾಕ್ಟರಮ್ಮ ಕೇಳಿದರು.

ಮೇಷ್ಟ್ರು ಹೆಸರು ಹೇಳಿದರು. ಡಾಕ್ಟರಮ್ಮ ಅದನ್ನು ಕೇಳಿರಲಿಲ್ಲ. "ಆಸಿಡ್ಡಾ? ಕ್ಷಾರವಾ?"

"ಎರಡೂ ಅಲ್ಲ ಮೇಡಂ. ಅದರ ಆವಿ ನೀರಿನ ಪಸೆ ಸಿಕ್ಕಿದ ಕಡೆ ಗಾಜಿನಂಥ ವಸ್ತುವಾಗಿ ಕೂತ್ಕೊಳ್ಳುತ್ತೆ. ಗಂಟೆಗಟ್ಟಲೆ ಗೊತ್ತೇ ಆಗಲ್ಲ."

"ಕಣ್ಣಂದ್ರೆ ಎಲ್ಲಾ ಪಸೆಯೇ ಅಲ್ವಾ ಸರ್," ಎಂದರು ಡಾಕ್ಟರಮ್ಮ.

ನಾನು ವರ್ಷವಿಡೀ ಬಿಲ್ಲೆಯ ಮೇಲೆ ಮಾಡಿಸಲು ಹೆಣಗಾಡಿದ ಕೆಲಸವೇ ಈಗ ನನ್ನ ಕಣ್ಣಿನ ಮೇಲೆ ನಡೆಯುತ್ತಿತ್ತು. ನೀರು ತಾಗುತ್ತಲೇ ಕೈ ಬಿಡುವುದು, ಪಕ್ಕದ್ದನ್ನು ಹಿಡಿಯುವುದು, ಬಲೆ ಹೆಣೆಯುವುದು. ಎಲ್ಲವೂ ನನಗೆ ಬಾಯಿಪಾಠ. ಅದು ಗೊತ್ತಿರದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೋ ಏನೋ.

"ಮೇಲಿನ ಪೊರೆ ಅಲ್ಲಲ್ಲಿ ಕಿತ್ತುಹೋಗಿದೆ," ಎಂದರು ಡಾಕ್ಟರಮ್ಮ. "ಅದು ಮತ್ತೆ ಬೆಳೆಯುತ್ತೆ. ಕೆಳಗಿನ ಪದರಕ್ಕೆ ಏನಾದ್ರೂ ಆಗಿದ್ರೆ ಮಾತ್ರ... ಈಗ್ಲೇ ಹೇಳೋಕಾಗಲ್ಲ. ದಿನಾ ಬನ್ನಿ, ನೋಡ್ತಾ ಹೋಗೋಣ." ಎರಡೂ ಕಣ್ಣಿಗೆ ಮುಲಾಮು ತುಂಬಿ ಪಟ್ಟಿ ಕಟ್ಟಿದರು.

ಅಪ್ಪಾಜಿ ರಜೆ ಹಾಕಿದರು. ಕತ್ತಲೆಯಲ್ಲಿ ಕೂತ ನನಗೆ ಮನೆಯೆಲ್ಲ ಸದ್ದು ಮತ್ತು ವಾಸನೆಯಾಯಿತು. ಬೆಳಿಗ್ಗೆ ಅಪ್ಪಾಜಿಯ ಲಿಂಗಪೂಜೆಯ ಗುಣುಗುಣು, ಅದು ಮುಗಿದ ಕೂಡಲೇ ನನ್ನ ಹಣೆಗೆ ತಣ್ಣಗೆ ತಾಗುವ ವಿಭೂತಿ. ಹಿಂದೆಯೇ ಸ್ಟೌ ಪಂಪು ಮಾಡುವ ಸದ್ದು, ಅವರ ಉಪ್ಪಿಟ್ಟು ತಳ ಹಿಡಿದ ವಾಸನೆ. ಪಕ್ಕದ ಮನೆಯ ತಮಿಳು ಆಂಟಿ ಬಾಗಿಲಲ್ಲೇ, "ಇಡ್ಲಿ ತಂದಿದೀನಿ ಅಣ್ಣಾ, ಆ ಉಪ್ಪುಮಾ ಕೊಡಬೇಡಿ ಮಗೂಗೆ," ಎಂದು ಬೈಯುತ್ತಿದ್ದರು.

ಉಳಿದದ್ದನ್ನೆಲ್ಲ ಹೇಗೋ ಮಾಡಿಕೊಂಡೆ. ತಲೆ ಬಾಚಿಕೊಳ್ಳುವುದು ಮಾತ್ರ ಆಗಲಿಲ್ಲ. ಕಣ್ಣಿನ ಪಟ್ಟಿಯ ಅಂಚಿಗೆ ಕೂದಲು ಸಿಕ್ಕಿ ಗಂಟಾಗಿತ್ತು. ಅಪ್ಪಾಜಿ ಬಾಚಣಿಗೆ ತಂದು ಹಿಂದೆ ಕೂತರು.

"ನಿಮಗೆ ಬರುತ್ತಾ?"

"ನಲವತ್ತು ವರ್ಷ ಸುತ್ತಿದ್ದು ಏನು? ತಂತಿನೇ ಅಲ್ವಾ. ಕೂತ್ಕೋ ಸುಮ್ನೆ."

ಎಳೆ ಎಳೆಯಾಗಿ ಬಿಡಿಸಿ, ಮೂರು ಪಾಲು ಮಾಡಿ, ಒಂದು ಸುತ್ತೂ ಸಡಿಲವಾಗದ ಹಾಗೆ ಬಿಗಿದು ಬಿಗಿದು ಹೆಣೆದರು. ಹುಬ್ಬುಗಳೆರಡೂ ಹಣೆಗೆ ಏರಿದಂತಾಯಿತು. "ಅಪ್ಪಾಜಿ, ನಾನು ಮೋಟಾರಲ್ಲ," ಎಂದೆ. ಅವರು ನಕ್ಕರು. ನಾನೂ ನಕ್ಕೆ. ನಕ್ಕಾಗ ಕಣ್ಣೀರು ಬಂದು ಪಟ್ಟಿಯೊಳಗೆ ಉರಿಯಿತು. ಹಿಂದಿನಿಂದ ಅವರು ಮೂಗು ಎಳೆದುಕೊಂಡ ಸದ್ದು ಕೇಳಿತು. ಅವರು ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿಸಲಿಲ್ಲವೆಂಬಂತೆ ಕೂತೆ.

ಅಮ್ಮನಿಗೆ ಅವರು ಹೇಳಿರಲಿಲ್ಲ. ಬಾಣಂತಿಯ ಮನೆಯಲ್ಲಿ ಗಾಬರಿ ಬೇಡವೆಂದು. ಆದರೆ ಅಮ್ಮ ಪಕ್ಕದ ಮನೆಗೆ ಫೋನು ಮಾಡಿದಾಗ ತಮಿಳು ಆಂಟಿ ಎಲ್ಲವನ್ನೂ ಹೇಳಿಬಿಟ್ಟರಂತೆ. ಮರುದಿನ ಬೆಳಿಗ್ಗೆಯೇ ಅಮ್ಮ ಬಂದಿಳಿದರು. ನನ್ನನ್ನು ತಬ್ಬಿಕೊಂಡದ್ದು ಮೊದಲು, ಅಪ್ಪಾಜಿಗೆ ಬೈದದ್ದು ಆಮೇಲೆ. "ಮಗಳ ಕಣ್ಣು ಹೋದ್ರೂ ನನಗೆ ಹೇಳ್ದೇ ಇರೋರು ನೀವು!"

"ಹೋಗಿಲ್ಲ," ಎಂದರು ಅಪ್ಪಾಜಿ ಮೆಲ್ಲಗೆ. "ಹಾಗನ್ನಬೇಡ."

ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೆವು. ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ಕಾಣುತ್ತಿದ್ದುದು ಹಾಲಿನಂಥ ಬಿಳುಪು, ಅದರಲ್ಲಿ ಓಡಾಡುವ ನೆರಳುಗಳು. ಅವರು ನೀಲಿ ಬೆಳಕಿನಲ್ಲಿ ನೋಡಿ, "ಇರಲಿ, ಇನ್ನೂ ನೋಡೋಣ," ಎಂದು ಮತ್ತೆ ಕಟ್ಟುತ್ತಿದ್ದರು. ಮೇಷ್ಟ್ರು ಒಂದು ಸಂಜೆ ಭದ್ರಾವತಿಗೇ ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತರು. ಅಮ್ಮ ಕೊಟ್ಟ ಕಾಫಿಯನ್ನು ಅವರು ಮುಟ್ಟಿದ ಸದ್ದೇ ಬರಲಿಲ್ಲ. "ನೀನು ಈ ಕೆಲಸ ಬಿಡ್ತೀನಿ ಅಂದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲಮ್ಮ," ಎಂದರು.

"ಮೊದಲು ಕಣ್ಣು ಬಿಡ್ತೀನಿ ಸರ್, ಆಮೇಲೆ ಅದು," ಎಂದೆ. ಧೈರ್ಯದಿಂದ ಆಡಿದ ಮಾತಲ್ಲ ಅದು. ಅವರ ದನಿ ಕೇಳಲಾಗದೆ ಬಾಯಿಗೆ ಬಂದದ್ದು.

ಆಮೇಲೆ ಆ ಬೆಳಿಗ್ಗೆ ಬಂತು. ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಮುಲಾಮು ಒರೆಸಿ, ಎಂದಿನಂತೆ ದೀಪ ಬಿಟ್ಟು ನೋಡಿದರು. ಅಂದು ಬೇಗನೆ ಹಿಂದಕ್ಕೆ ಸರಿದರು. "ಕೆಳಗಿನ ಪದರ ತಿಳಿಯಾಗಿದೆ. ಮೇಲಿನ ಪೊರೆ ಕೂಡಿಕೊಂಡಿದೆ. ಇನ್ನು ಪಟ್ಟಿ ಬೇಡ."

ನಾನು ರೆಪ್ಪೆ ಬಡಿದೆ. ಮೊದಲು ಕಂಡದ್ದು ಡಾಕ್ಟರಮ್ಮನ ಕೋಟಿನ ಜೇಬಿನಲ್ಲಿದ್ದ ಪೆನ್ನಿನ ಕೆಂಪು ಮುಚ್ಚಳ. ಅದಕ್ಕೆ ಅಂಚಿತ್ತು. ನೆರಳಲ್ಲ, ಬಿಳುಪಲ್ಲ, ಅಂಚಿರುವ ಕೆಂಪು. ಆಮೇಲೆ ಬಾಗಿಲ ಬಳಿ ಅಪ್ಪಾಜಿ. ಗಡ್ಡ ಬಿಟ್ಟಿದ್ದರು, ಅದೆಲ್ಲ ಬೆಳ್ಳಗಿತ್ತು. ಶರ್ಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು.

"ಅಪ್ಪಾಜಿ, ಗುಂಡಿ ತಪ್ಪಾಗಿ ಹಾಕಿದೀರಿ," ಎಂದೆ.

ಅವರು ಕೆಳಗೆ ನೋಡಿಕೊಂಡರು. ಒಂದು ಗುಂಡಿ ಬಿಚ್ಚಿ, ಮತ್ತೆ ಅದೇ ತಪ್ಪು ತೂತಿಗೆ ಹಾಕಿದರು. ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಅಮ್ಮ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದರು. ನನಗೆ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಷ್ಟು ಹಗುರ. ಹೊರಗೆ ಬಂದು ಎದುರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದೆ. ಟೈಲರ್, ಔಷಧಿ ಅಂಗಡಿ, ಬೆಲ್ಲದ ಮಂಡಿ. ದಾರಿಹೋಕರು ತಿರುಗಿ ನೋಡಿದರು. ಯಾರೂ ನನ್ನನ್ನು ತಡೆಯಲಿಲ್ಲ.

ನೋಟ ಪೂರ್ತಿ ತಿಳಿಯಾಗಲು ಇನ್ನೂ ಕೆಲವು ವಾರ ಹಿಡಿಯಿತು. ಮತ್ತೆ ವಿಭಾಗಕ್ಕೆ ಹೋದಾಗ ಮೊದಲ ಮಳೆ ಬಿದ್ದಿತ್ತು. ಆ ಬಾಟಲಿ ಇರಲಿಲ್ಲ. ಗಾಜಿನ ಕಪಾಟಿನ ಫ್ಯಾನಿಗೆ ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಹಾಕಿಸಿದ್ದರು. ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ ಮೇಜಿನ ಮೇಲಿತ್ತು.

"ಆ ದ್ರವ ಬೇಡ ಮಾರಾಯ್ತಿ," ಎಂದರು ಮೇಷ್ಟ್ರು. "ಪದರ ಮೆತ್ತಗಿದ್ರೆ ಮೆತ್ತಗಿರಲಿ. ಇದ್ದದ್ದನ್ನೇ ಬರೆದು ಮುಗಿಸೋಣ."

"ಸರ್, ಗಟ್ಟಿ ಮಾಡೋಕೆ ಹೋಗಿಯೇ ಬಿರುಕು ಬಿಡ್ತಿತ್ತು ಅಲ್ವಾ? ಉಲ್ಟಾ ಮಾಡಿ ನೋಡ್ಲಾ?"

ಕತ್ತಲೆಯಲ್ಲಿ ಕೂತ ದಿನಗಳಲ್ಲಿ ನಾನು ಇದನ್ನೇ ಯೋಚಿಸಿದ್ದೆ. ನಾಲ್ಕೂ ಕೈ ಹೆಣೆದುಕೊಂಡ ಸಿಲಿಕಾನಿಗೆ ಅತ್ತಿತ್ತ ಅಲುಗಲು ಜಾಗವೇ ಇಲ್ಲ. ಕಾಯಿಸುವಾಗ ನೀರು, ಆಲ್ಕೋಹಾಲು ಹೋಗಿ ಪದರ ಕುಗ್ಗುತ್ತದೆ. ಕೆಳಗಿನ ಬಿಲ್ಲೆ ಕುಗ್ಗುವುದಿಲ್ಲ. ಎಳೆದಾಟದಲ್ಲಿ ಪದರ ಒಡೆಯುತ್ತದೆ. ಎರಡೇ ಕೈ ಹೆಣೆಯುವ ಸಿಲಿಕಾನನ್ನು ಸ್ವಲ್ಪ ಬೆರೆಸಿದರೆ ಬಲೆಯಲ್ಲಿ ಅಲ್ಲಲ್ಲಿ ಬಾಗುವ ಎಳೆ ಇರುತ್ತದೆ, ಕುಗ್ಗಿದರೂ ತಡೆದುಕೊಳ್ಳುತ್ತದೆ. ಗಟ್ಟಿತನಕ್ಕೆ ನಿಧಾನವಾಗಿ, ಸಾರಜನಕದಲ್ಲಿ ಹೆಚ್ಚು ಹೊತ್ತು ಕಾಯಿಸೋಣ ಎಂದೆ. ಮೇಷ್ಟ್ರು ಕಪ್ಪು ಹಲಗೆಯ ಮುಂದೆ ನಿಂತು ಬರೆದರು, ಅಳಿಸಿದರು, ಮತ್ತೆ ಬರೆದರು. "ಮಾಡಿ ನೋಡು," ಎಂದರು.

ಒಂದೇ ಸಲಕ್ಕೆ ಆಗಲಿಲ್ಲ. ಎರಡು ಕೈಯದು ಹೆಚ್ಚಾದಾಗ ಪದರ ಅಂಟಂಟಾಯಿತು. ಕಡಿಮೆಯಾದಾಗ ಅಂಚಿನಲ್ಲಿ ಸೀಳಿತು. ಮಳೆಗಾಲದ ತೇವದ ಗಾಳಿಗೆ ದ್ರವ ಬೇಗ ಹೆಪ್ಪುಗಟ್ಟುತ್ತಿತ್ತು. ಗೌರಿಹಬ್ಬ ಕಳೆದ ಮೇಲೆ ಒಂದು ದಿನ ಕುಲುಮೆಯಿಂದ ತೆಗೆದ ತುಂಡು ನವಿಲುನೀಲಿಯಾಗಿತ್ತು, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಸೂಕ್ಷ್ಮದರ್ಶಕದ ಕೆಳಗೆ ಇಂಚಿಂಚೂ ಸರಿಸಿ ನೋಡಿದೆ. ನೋಡಲು ಏನೂ ಇರಲಿಲ್ಲ. ಒಂದು ಗೆರೆಯೂ ಇಲ್ಲ. ಮೇಷ್ಟ್ರನ್ನು ಕೂಗಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, ತಲೆಯೆತ್ತದೆ, "ಫೋಕಸ್ ಸರಿಯಾಗಿದೆಯಾ?" ಎಂದರು.

"ಸರಿಯಾಗಿದೆ ಸರ್."

"ಹಾಗಾದ್ರೆ ಇಲ್ಲ ಕಣಮ್ಮ! ಬಿರುಕೇ ಇಲ್ಲ!" ಎಂದು ಮೇಜು ಗುದ್ದಿದರು. ಪಕ್ಕದ ತರಗತಿಯ ಪಾಠ ಒಂದು ಗಳಿಗೆ ನಿಂತಿತು.

ವಿದ್ಯುತ್ತನ್ನು ತಡೆಯುತ್ತದೆಯೇ ಎಂಬ ಪರೀಕ್ಷೆ ಭೌತಶಾಸ್ತ್ರದವರ ಕೋಣೆಯಲ್ಲಿ. ಆ ದಿನ ಅಪ್ಪಾಜಿಯನ್ನೂ ಕರೆದುಕೊಂಡು ಹೋದೆ. ವಾರದ ರಜೆಯಿತ್ತು, ಒಗೆದ ಬಿಳಿ ಶರ್ಟು ಹಾಕಿ ಬಂದಿದ್ದರು. ಪದರದ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕಿಗಳನ್ನು ಕೂರಿಸಿದ್ದೆವು. ಒಂದಕ್ಕೆ ಸೂಜಿ ತಾಗಿಸಿ ವೋಲ್ಟೇಜು ಏರಿಸುತ್ತ ಹೋದೆ. ಮೀಟರಿನ ಮುಳ್ಳು ಬುಡದಲ್ಲೇ ಮಲಗಿತ್ತು. ಹಿಂದಿನ ವರ್ಷ ಬಿರುಕಿನ ಪದರಗಳಲ್ಲಿ ತಿರುಪು ಮುಟ್ಟಿದ ಕೂಡಲೇ ಹಾರುತ್ತಿದ್ದ ಮುಳ್ಳು ಅದು.

"ಮೀಟರು ಸರಿ ಇದೆಯಾ?" ಅಪ್ಪಾಜಿ ಕೇಳಿದರು.

ಮೇಷ್ಟ್ರು ನಕ್ಕು, ಪದರವಿಲ್ಲದ ಬರೀ ಬಿಲ್ಲೆಗೆ ಸೂಜಿ ತಾಗಿಸಿ ತೋರಿಸಿದರು. ಮುಳ್ಳು ತುದಿಗೆ ಹಾರಿತು. ಮತ್ತೆ ಪದರದ ಮೇಲಿಟ್ಟು ಏರಿಸಿದೆವು. ಇಷ್ಟು ತೆಳುವಿಗೆ ಇದು ಸಾಕು ಎಂದು ನಾವಂದುಕೊಂಡಿದ್ದ ಗಡಿ ದಾಟಿತು. ಕೊನೆಗೆ ಚಿಟ್ ಎಂದು ಚುಕ್ಕಿ ಸುಟ್ಟುಹೋಯಿತು. ಬೇರೆ ಚುಕ್ಕಿಗಳೂ ಹೆಚ್ಚುಕಡಿಮೆ ಅಲ್ಲಿಯವರೆಗೆ ತಾಳಿದವು.

"ಒಳ್ಳೆ ಕೆಲಸ," ಎಂದರು ಅಪ್ಪಾಜಿ. ಕಾರ್ಖಾನೆಯಲ್ಲಿ ಯಾರಿಗೂ ಸುಲಭಕ್ಕೆ ಹೇಳುವ ಮಾತಲ್ಲ ಅದು ಎಂದು ನನಗೆ ಗೊತ್ತಿತ್ತು.

ಮೇಷ್ಟ್ರು ನಮ್ಮಿಬ್ಬರಿಗೂ ಮಸಾಲೆ ದೋಸೆ ಕೊಡಿಸಿದರು. ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುತ್ತ ಅವರೂ ಅಪ್ಪಾಜಿಯೂ ಅದೂ ಇದೂ ಮಾತಾಡಿದರು. ಅಷ್ಟು ತಿಂಗಳಲ್ಲಿ ಮೇಷ್ಟ್ರು ನೆಮ್ಮದಿಯಾಗಿ ತಿಂದದ್ದನ್ನು ನಾನು ನೋಡಿದ್ದು ಆವತ್ತೇ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಾಳಿ ತಂಪಾಗಿತ್ತು. ಅಪ್ಪಾಜಿ ಏನೋ ಹೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಕಣ್ಣು ತೆರೆದಾಗ ಕಂಡಕ್ಟರ್ ನಮ್ಮ ಸೀಟಿನ ಕಂಬಿಗೆ ಬಡಿಯುತ್ತಿದ್ದ. "ಯಜಮಾನ್ರೇ, ಭದ್ರಾವತಿಗಲ್ವಾ ಟಿಕೆಟ್ ತಗೊಂಡಿದ್ದು? ಅದು ಹೋಗಿ ಎಷ್ಟೊತ್ತಾಯ್ತು!"

ಅಪ್ಪಾಜಿ ಗಡಬಡಿಸಿ ಎದ್ದರು. ತರೀಕೆರೆ ರಸ್ತೆಯಲ್ಲಿ ಎರಡೂ ಕಡೆ ಭತ್ತದ ಗದ್ದೆಗಳಿರುವ ಜಾಗದಲ್ಲಿ ನಮ್ಮನ್ನು ಇಳಿಸಿ ಬಸ್ಸು ಹೋಯಿತು. ನಿಲ್ದಾಣವಿಲ್ಲ, ಅಂಗಡಿಯಿಲ್ಲ.

"ನೀನಾದ್ರೂ ಎದ್ದಿರಬಾರ್ದಾ?" ಎಂದರು.

"ನೀವು ಎದ್ದಿದೀರಿ ಅಂತ ನಾನು ಮಲಗಿದ್ದೆ."

ಅವರು ಚಪ್ಪಲಿ ಕಳಚಿ ಮೈಲಿಗಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಾಪಸ್ಸು ಹೋಗುವ ಬಸ್ಸು ಬರಲು ತುಂಬ ಹೊತ್ತಾಯಿತು. ನಮಗೆ ಅವಸರವಿರಲಿಲ್ಲ.